ನಾಲ್ಕು ಗಂಟೆಯ ನಂತರದ ನೀರು

ಪುಣೆ
ಬುಧವಾರ, ೪ ಫೆಬ್ರುವರಿ ೨೦೨೬
ಮಾಘ ಬಹುಳ ತದಿಗೆ

ಚಿ. ಉಮಾವತಿಗೆ ನಿನ್ನ ವೈನಿ ಪಂಕಜಾಕ್ಷಿಯ ಆಶೀರ್ವಾದ.

ವಾರ, ತಾರೀಖು, ತಿಥಿ ಮೂರನ್ನೂ ಯಾಕೆ ಬರೆದಿದ್ದೇನೆ ಎನ್ನುವುದು ಮುಂದೆ ಓದಿದರೆ ತಿಳಿಯುತ್ತದೆ. ಮೂರೂ ಸರಿಯಾಗಿವೆ. ಕ್ಯಾಲೆಂಡರು ನೋಡದೆ ಬರೆದಿದ್ದೇನೆ. ಅನುಮಾನವಿದ್ದರೆ ನೀನು ನೋಡಿಕೋ.

ಮೂವತ್ತೊಂದು ವರ್ಷದ ನಂತರ ನನ್ನ ಅಕ್ಷರ ಕಂಡು ನೀನು ಲಕೋಟೆ ಒಡೆಯದೆ ಬದಿಗೆ ಇಟ್ಟರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನ ಯಜಮಾನರು ಹೋದ ಸುದ್ದಿ ಎರಡು ವರ್ಷದ ಹಿಂದೆಯೇ ಮುಟ್ಟಿತ್ತು. ಧಾರವಾಡಕ್ಕೆ ಬರಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ನನ್ನ ಯಜಮಾನರು, ನಿನ್ನ ಅಣ್ಣ, ತೀರಿಕೊಂಡಾಗ ನೀನು ಬಂದಿರಲಿಲ್ಲ, ಅದನ್ನೇ ಹಿಡಿದುಕೊಂಡು ಕೂತೆ.

ಈಗ ಬರೆಯುತ್ತಿರುವುದು ಅತ್ತೆಯವರ, ನಿನ್ನ ಅವ್ವನ, ತಾಮ್ರದ ತಂಬಿಗೆಯ ವಿಷಯಕ್ಕೆ. ಕಂಠದ ಕೆಳಗೆ 'ಅಂಬಾ' ಎಂದು ಹೆಸರು ಕೊರೆಸಿದ್ದು, ಒಂದು ಮಗ್ಗುಲಿಗೆ ನಗ್ಗಿದ್ದು. ಅವರು ತೀರಿಕೊಂಡ ಹದಿಮೂರನೆಯ ದಿನ ನೀನು ಅದನ್ನು ಕೇಳಿದ್ದೆ, ನಾನು ಕೊಡಲಿಲ್ಲ. ಈಗ ಕಳಿಸಬೇಕೆಂದು ಮಾಡಿದ್ದೇನೆ. ಸೋಮವಾರದ ಒಳಗೆ ಕಳಿಸಬೇಕು, ಯಾಕೆಂದರೆ ಸೋಮವಾರ ಮಗ ರಾಜೀವ ನನ್ನನ್ನು ಬೇರೆ ಕಡೆ ಬಿಟ್ಟು ಬರುವವನಿದ್ದಾನೆ.

ಸಾಸವಡ ದಾಟಿ ಜೇಜುರಿಯ ದಾರಿಯಲ್ಲಿ ಒಂದು ಮನೆ ಇದೆಯಂತೆ. ಮರೆವು ಹತ್ತಿದ ಮುದುಕರನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. ಅಂಗಳ ದೊಡ್ಡದು, ಗಾಳಿ ಒಳ್ಳೆಯದು, ಬಾಗಿಲಿಗೆ ಸದಾ ಬೀಗ. ರಾಜೀವ ಮೊಬೈಲಿನಲ್ಲಿ ಫೋಟೋ ತೋರಿಸಿದ. ಒಂದು ಫೋಟೋದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಕಾಗದದ ಹೂವು ಮಾಡುತ್ತ ಕೂತಿದ್ದಳು. "ಆಯಿ, ಅಲ್ಲಿ ಇಪ್ಪತ್ನಾಲ್ಕು ತಾಸೂ ನರ್ಸ್ ಇರ್ತಾರ, ನಮಗೂ ಜೀವಕ್ಕ ನೆಮ್ಮದಿ" ಎಂದ. ರಾಜೀವ ಕೆಟ್ಟವನಲ್ಲ. ನೀನು ಕಂಡಾಗ ಕಾಲೇಜು ಹುಡುಗ, ಈಗ ಅವನ ತಲೆಯೂ ಬೆಳ್ಳಗಾಗಿದೆ. ಅವನೂ ಅವನ ಹೆಂಡತಿ ಮುಕ್ತಾನೂ ದಿನವಿಡೀ ದುಡಿಯಲು ಹೋಗುವವರು. ಮುಕ್ತಾ ಮರಾಠಿ ಹುಡುಗಿ, ಬ್ಯಾಂಕಿನಲ್ಲಿದ್ದಾಳೆ.

ದೀಪಾವಳಿಯ ಎಣ್ಣೆ ನೀರಿನ ದಿನ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ತೊಡೆಯ ಸಂದಿನ ಎಲುಬು ಮುರಿಯಿತು, ಆಪರೇಶನ್ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಯೆರವಡಾದ ಈ ಏಳನೆಯ ಮಹಡಿಯ ಒಂದು ಕೋಣೆ, ಒಂದು ವಾಕರ್, ಒಂದು ಕಿಟಕಿ. ಕಿಟಕಿಯಿಂದ ಜೈಲಿನ ಗೋಡೆಯ ಒಂದು ತುಂಡು ಕಾಣುತ್ತದೆ. ಅಲ್ಲಿ ಇರುವವರಿಗೆ ಬಿಡುಗಡೆಯ ತಾರೀಖಾದರೂ ಬರೆದುಕೊಟ್ಟಿರುತ್ತಾರೆ.

ಎಲುಬು ಕೂಡಿತು. ಬೇರೆಯದೊಂದು ಕೆಟ್ಟಿತು. ಅದನ್ನು ಬರೆಯಲು ಪೆನ್ನು ಮೂರು ಸಲ ಕೆಳಗಿಟ್ಟೆ. ಉಮಾ, ನನಗೆ ಮೂತ್ರ ತಡೆಯುವುದಿಲ್ಲ. ಎದ್ದು ವಾಕರ್ ಹಿಡಿಯುವುದರೊಳಗೆ ಆಗಿಹೋಗುತ್ತದೆ.

ಮಾರ್ಗಶಿರದ ಗುರುವಾರ ಮುಕ್ತಾ ಲಕ್ಷ್ಮಿಯ ಪೂಜೆ ಇಟ್ಟುಕೊಂಡಿದ್ದಳು. ಎಂಟು ಹತ್ತು ಹೆಂಗಸರು ಬಂದಿದ್ದರು, ಅವಳ ತಾಯಿಯೂ ಇದ್ದರು. ಹಿರಿಯಳೆಂದು ನನ್ನನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಆರತಿಯ ಹೊತ್ತಿಗೆ ಎಲ್ಲರೂ ಎದ್ದರು, ನಾನೂ ಎದ್ದೆ. ಕುರ್ಚಿಯಿಂದ ನೆಲಕ್ಕೆ ತೊಟ್ಟಿಕ್ಕಿತು. ಮುಕ್ತಾ ಒಂದು ಮಾತು ಆಡದೆ ಕಪಾಟಿನಿಂದ ಶಾಲು ತಂದು ನನ್ನ ಸೊಂಟಕ್ಕೆ ಸುತ್ತಿದಳು, ಚಳಿ ಆಗುತ್ತಿದೆ ಎಂಬಂತೆ. ಅವಳ ತಾಯಿ ದೇವರ ಕಡೆ ನೋಡುತ್ತ ನಿಂತರು. ಅಷ್ಟೊಂದು ಹೊತ್ತು ಯಾರೂ ದೇವರನ್ನು ನೋಡುವುದಿಲ್ಲ.

ಮರುದಿನ ಆಗ ಇದ್ದ ಆಯಾ ಒಬ್ಬಳು ನನಗೆ ಕೂಸಿಗೆ ಕಟ್ಟುವಂಥದನ್ನು ಕಟ್ಟಲು ಬಂದಳು. ಅವಳನ್ನು ಅವತ್ತೇ ಬಿಡಿಸಿದೆ. ಅಂದಿನಿಂದ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಬೆಳಿಗ್ಗೆ ಅರ್ಧ ಲೋಟ ಚಹಾ, ಊಟದ ಹೊತ್ತಿಗೆ ಎರಡು ಗುಟುಕು. ನಾಲ್ಕು ಗಂಟೆಯ ಮೇಲೆ ಏನೂ ಇಲ್ಲ. ಕೇಳಿದರೆ ಏಕಾದಶಿ ಎನ್ನುತ್ತಿದ್ದೆ, ನಿರ್ಜಲ ಎನ್ನುತ್ತಿದ್ದೆ. ರಾಜೀವನಿಗೆ ತಿಥಿ ತಿಳಿಯದು. ಮುಕ್ತಾಳಿಗೆ ತಿಳಿಯುತ್ತದೆ, ಆದರೆ ನಮ್ಮ ಕಡೆಯ ಪಂಚಾಂಗ ಬೇರೆ ಇರಬಹುದೆಂದು ಸುಮ್ಮನಾದಳಂತೆ. ಈ ಮನೆಯಲ್ಲಿ ನನ್ನ ವ್ರತದ ಬಗ್ಗೆ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಹಾಗೆ ಇರುವಂತೆ ನಾನೇ ಮಾಡಿದ್ದೇನೆ.

ಸಂಕ್ರಾಂತಿಯ ಮರುದಿನ ನನ್ನ ತಲೆ ಕೆಟ್ಟಿತು. ನನಗೆ ನೆನಪಿಲ್ಲ, ಮುಕ್ತಾ ಹೇಳಿದ್ದು. ಬರೀ ಲಂಗದಲ್ಲಿ ಬಾಗಿಲು ತೆಗೆದುಕೊಂಡು ಹೋಗಿ ಲಿಫ್ಟಿನ ಎದುರು ನಿಂತು, ನಲ್ಲಿ ನಿಲ್ಲುತ್ತದೆ, ಬೇಗ ಕೊಡ ತನ್ನಿ ಎಂದು ಕೂಗಿದೆನಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಯಾವ ವರ್ಷ ಎಂದು ಕೇಳಿದರೆ ಸಾವಿರದ ಒಂಬೈನೂರ ತೊಂಬತ್ನಾಲ್ಕು ಎಂದೆನಂತೆ. ಮೂರು ದಿನ ಸಲೈನ್ ಹಚ್ಚಿ ಮನೆಗೆ ಕಳಿಸಿದರು. ಮೂತ್ರದಲ್ಲಿ ಸೋಂಕು ಇದೆ, ಜೊತೆಗೆ ಮರೆವಿನ ರೋಗವೂ ಶುರುವಾಗಿದೆ, ಇನ್ನು ಹೀಗೆ ಮೇಲಿಂದ ಮೇಲೆ ಆಗಬಹುದು ಎಂದರು. ರಾಜೀವ ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಕೂಡಿಸಿದ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮತ್ತೆ ನೀರು ಬಿಟ್ಟೆ. ನನಗೆ ಮರೆವಿನ ರೋಗ ಇಲ್ಲ, ನೀರಡಿಕೆಯಿಂದ ಹಾಗಾಯಿತು ಎಂದು ನನಗೆ ಗೊತ್ತು. ಹಾಗೆಂದು ಹೇಳಿದರೆ ಯಾಕೆ ಕುಡಿಯಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಎದುರಿಗೆ. ಹೇಳದಿದ್ದರೆ ಕಾಗದದ ಹೂವು.

ಈಗ ಕಾಶವ್ವನ ಬಗ್ಗೆ ಬರೆಯಬೇಕು. ಆಸ್ಪತ್ರೆಯಿಂದ ಬಂದ ಮರುದಿನದಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗುವ ನರ್ಸ್. ನಲವತ್ತೈದರ ಮೇಲಾಗಿದೆ. ಅಥಣಿಯ ಕಡೆಯವಳು, ಇಲ್ಲೇ ಯೆರವಡಾದಲ್ಲಿ ಬೆಳೆದು, ನರ್ಸಿಂಗ್ ಕಲಿತು, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ಮೊದಲ ದಿನವೇ "ಅಜ್ಜಿ, ನಾ ಕಾಶವ್ವ ರೀ" ಎಂದು ಒಳಗೆ ಬಂದಳು. ನಾನು ನಿನಗೆ ಅಜ್ಜಿ ಅಲ್ಲ ಎಂದೆ.

"ಹಂಗಾರ ಏನನ್ಲಿ?"

ದೊಡ್ಡ ಮನೆಯ ಹೆಂಗಸರಿಗೆ ಅನ್ನುವಂತೆ ಬಾಯಾರ ಅನ್ನು ಎಂದೆ.

"ಆತ್ರಿ ಬಾಯಾರ. ಈಗ ಸೀರಿ ಎತ್ತರಿ, ಆಪರೇಶನ್ ಆದ ಜಾಗಾ ನೋಡ್ತೇನಿ."

ಸ್ನಾನವಾದ ಮೇಲೆ ಮಡಿ ಇರುತ್ತದೆ, ಮುಟ್ಟಬೇಡ ಎಂದು ಹೇಳಿ ನೋಡಿದೆ. "ಮಡಿ ನಿಮ್ಮ ಸೀರಿಗಿರಲಿ ಬಾಯಾರ. ಬೆನ್ನಿಗೆ ಹುಣ್ಣಾದ್ರ ಆ ಹುಣ್ಣಿಗೆ ಮಡಿ-ಮೈಲಿಗಿ ಏನೂ ತಿಳಿಯೂದಿಲ್ರಿ" ಎಂದು ನನ್ನನ್ನು ಮಗ್ಗುಲಿಗೆ ಹೊರಳಿಸಿಯೇ ಬಿಟ್ಟಳು. ಜೀವನದಲ್ಲಿ ನನಗೆ ಹಾಗೆ ಎದುರು ಮಾತಾಡಿದವರು ಇಬ್ಬರೇ. ಒಬ್ಬಳು ಇವಳು, ಇನ್ನೊಬ್ಬಳು ನೀನು.

ಅವಳ ಹತ್ತಿರ ಒಂದು ನೋಟುಬುಕ್ಕು ಇದೆ. ಎಷ್ಟು ಕುಡಿದೆ, ಎಷ್ಟು ಹೋಯಿತು, ಯಾವ ಬಣ್ಣ, ಎಲ್ಲವನ್ನೂ ಗಂಟೆ ಹಾಕಿ ಬರೆಯುತ್ತಾಳೆ. ಹಿಂದಿನ ಗುರುವಾರ ನಿಜವಾದ ಏಕಾದಶಿ ಇತ್ತು. ಅವಳು ನೀರಿನ ಲೋಟ ತಂದಳು, ನಾನು ಇವತ್ತು ಏಕಾದಶಿ ಎಂದೆ. ಅವಳು ಗೋಡೆಯ ಕ್ಯಾಲೆಂಡರು ನೋಡಿ ಬಂದು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಖರೆ ಅದ, ಇವತ್ತು ಏಕಾದಶಿ. ಹಂಗಾರ ನಿನ್ನೆ ಏನಿತ್ರಿ? ಮೊನ್ನೆ ಏನಿತ್ರಿ? ನಾ ಬಂದು ಹತ್ತು ದಿನ ಆತು. ಹತ್ತು ದಿನದಾಗ ನೀವು ಆರು ಏಕಾದಶಿ ಮಾಡೀರಿ. ದೇವರಿಗೆ ಭಾಳ ತ್ರಾಸ ಆಗ್ತದ್ರಿ ಬಾಯಾರ, ಯಾವುದಕ್ಕ ಪುಣ್ಯ ಕೊಡ್ಲಿ ಅಂತ."

ನನಗೆ ನಗು ಬಂತು. ಹಲ್ಲು ಕಚ್ಚಿ ತಡೆದುಕೊಂಡೆ. ಅವಳು ನಗಲಿಲ್ಲ. ನೋಟುಬುಕ್ಕು ತೆರೆದು ನನ್ನ ತೊಡೆಯ ಮೇಲಿಟ್ಟಳು.

"ನೋಡ್ರಿ. ಮೂರೂವರಿಗೆ ಕೊಟ್ರ ಎರಡು ಗುಟುಕು ಕುಡೀತೀರಿ. ನಾಕೂ ಹತ್ತಕ್ಕ ಕೊಟ್ರ ಒಂದು ಹನಿ ಇಲ್ಲ. ದಿನಾ ಹಿಂಗ. ನಾಚಿಕಿಗೆ ನೀರು ಬಿಡೋ ಹೆಂಗಸರನ್ನ ನಾ ಭಾಳ ನೋಡೇನಿ. ಅವರು ಸಿಕ್ಕ ಸಿಕ್ಕಂಗ ಬಿಡ್ತಾರ. ನಿಮ್ಮದು ಹಂಗಿಲ್ಲ. ನಾಕು ಗಂಟೆಕ್ಕ ನಿಲ್ಲಿಸಿದ್ರ ಹಾಸಿಗಿ ಒಣಗಿರ್ತದ ಅಂತ ನಿಮಗ ಯಾರು ಕಲಿಸಿದ್ರಿ?"

ನಾನು ನೋಟುಬುಕ್ಕು ಮುಚ್ಚಿ ಅವಳ ಕಡೆ ಚಾಚಿದೆ.

"ಅಂಬಾಬಾಯಿ ಯಾರ್ರಿ?"

ಬುದ್ಧಿ ತಪ್ಪಿದ ದಿನ ನಾನು ಬರೀ ನಲ್ಲಿ ಕೊಡ ಎಂದು ಕೂಗಿರಲಿಲ್ಲವಂತೆ. ನಾಲ್ಕಾಯಿತು, ಅಂಬಾಬಾಯಿಗೆ ಇನ್ನು ನೀರು ಕೊಡಬೇಡಿ ಎಂದೂ ಕೂಗಿದೆನಂತೆ. ಮುಕ್ತಾ ಅದನ್ನು ಕಾಶವ್ವನಿಗೆ ಹೇಳಿದ್ದಳು, ಹುಚ್ಚು ಮಾತು ಎಂದು.

ಉಮಾ, ಆ ಉತ್ತರ ಕಾಶವ್ವನಿಗೆ ಸಲ್ಲಬೇಕಾದದ್ದಲ್ಲ, ನಿನಗೆ.

ನಾರಾಯಣ ಪೇಠೆಯ ವಾಡೆ ನಿನಗೆ ನೆನಪಿರಬೇಕು. ಹನ್ನೊಂದು ಬಿಡಾರಕ್ಕೆ ಅಂಗಳದಲ್ಲಿ ಒಂದು ನಲ್ಲಿ, ಬೆಳಿಗ್ಗೆ ಎರಡು ತಾಸು ನೀರು. ಅತ್ತೆಯವರಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೆ ಹದಿನಾಲ್ಕು ತಿಂಗಳು ಅವರನ್ನು ನಾನೊಬ್ಬಳೇ ನೋಡಿಕೊಂಡೆ. ದಿನಾ ಬೆಳಿಗ್ಗೆ ಒದ್ದೆ ದುಪ್ಪಟಿ ಎತ್ತಿಕೊಂಡು ನಲ್ಲಿಯ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಹಿಂದೆ ನಿಂತ ಹೆಂಗಸರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಅಷ್ಟೇ. ಆ ಒಂದು ಹೆಜ್ಜೆ ನನಗೆ ಸಹಿಸಲಾಗಲಿಲ್ಲ.

ಮೊದಲು ಸಂಜೆ ಏಳರ ಮೇಲೆ ನೀರು ಕೊಡುವುದನ್ನು ನಿಲ್ಲಿಸಿದೆ. ಸಾಲಲಿಲ್ಲ. ಆರು ಮಾಡಿದೆ. ನಾಲ್ಕಕ್ಕೆ ತಂದಾಗ ದುಪ್ಪಟಿ ಒಣಗಿತ್ತು.

ಪಂಕಜಾ ವಹಿನಿಯ ಸೇವೆ ನೋಡಿ ಕಲಿಯಬೇಕು, ಹಾಸಿಗೆಗೆ ಒಂದಿಷ್ಟು ವಾಸನೆ ಇಲ್ಲ ಎಂದು ವಾಡೆಯ ಹೆಂಗಸರು ಮಾತಾಡಿಕೊಂಡರು. ಆ ವರ್ಷದ ಗಣಪತಿ ಹಬ್ಬದಲ್ಲಿ ಮಂಡಳಿಯವರು ನನ್ನನ್ನು ಗಣಪತಿಯ ಚಪ್ಪರಕ್ಕೆ ಕರೆದು ತೆಂಗಿನಕಾಯಿ ಕೊಟ್ಟು, ಆದರ್ಶ ಸೊಸೆ ಎಂದು ಶಾಲು ಹೊದಿಸಿದರು. ನಾನು ತಲೆಯೆತ್ತಿಕೊಂಡು ಹೊದ್ದುಕೊಂಡೆ. ಮಾರ್ಗಶಿರದ ಗುರುವಾರ ಮುಕ್ತಾ ನನ್ನ ಸೊಂಟಕ್ಕೆ ಸುತ್ತಿದ್ದು ಅದೇ ಶಾಲು. ಕೈಗೆ ಮೊದಲು ಸಿಕ್ಕಿದ್ದು ಅದು, ಅವಳಿಗೇನು ಗೊತ್ತು.

ಆ ಗಣಪತಿ ಹಬ್ಬಕ್ಕೂ ಒಂದು ತಿಂಗಳು ಮೊದಲು ನೀನು ನಾಗರ ಪಂಚಮಿಗೆ ತವರಿಗೆ ಬಂದಿದ್ದೆ. ದೀಪ ಹಚ್ಚುವ ಹೊತ್ತಿಗೆ ಅತ್ತೆಯವರು ನಿನ್ನ ಸೆರಗು ಹಿಡಿದು ನೀರು ಕೇಳಿದರು. ನೀನು ತಂಬಿಗೆ ತುಂಬಿಕೊಂಡು ಬಂದೆ, ನಾನು ಕೈಯಿಂದ ಕಸಿದೆ. ಎಳೆದಾಟದಲ್ಲಿ ಬಿದ್ದು ನಗ್ಗಿತು. ಕತ್ತಲಾದ ಮೇಲೆ ನೀರು ಕೊಟ್ಟರೆ ಎದೆಗೆ ಸೇರುತ್ತದೆ, ಡಾಕ್ಟರು ಬೇಡ ಎಂದಿದ್ದಾರೆ ಎಂದು ನಿನಗೆ ಹೇಳಿದೆ. ನೀನು ನಂಬಿದೆ. ಚೆಲ್ಲಿದ ನೀರನ್ನು ನೀನೇ ಒರೆಸಿದೆ.

ಡಾಕ್ಟರು ಹಾಗೆ ಹೇಳಿರಲಿಲ್ಲ. ಯಾವ ಡಾಕ್ಟರೂ ಹೇಳಿರಲಿಲ್ಲ.

ಆಮೇಲೆ ಅತ್ತೆಯವರು ಗೋಡೆಯ ಜೊತೆ ಮಾತಾಡತೊಡಗಿದರು, ತೀರಿಹೋದ ತಂಗಿಯನ್ನು ಕರೆಯತೊಡಗಿದರು. ನಾವೆಲ್ಲ ಮುಪ್ಪಿನ ಭ್ರಮೆ ಎಂದೆವು. ಅವರ ಕೂಗು ವಾಡೆಗೆ ಕೇಳಬಾರದೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದವಳು ನಾನೇ. ಹದಿಮೂರನೆಯ ದಿನ ನೀನು ಎಲ್ಲರೆದುರಿಗೆ "ನಮ್ಮವ್ವ ನೀರು ನೀರು ಅಂತ ಸತ್ತಳು" ಎಂದಾಗ ನಾನು ನಿನ್ನನ್ನು ಸುಳ್ಳುಗಾತಿ ಮಾಡಿ ಮನೆಯಿಂದ ಹೊರಗೆ ಹಾಕಿಸಿದೆ. ನಿನ್ನ ಅಣ್ಣ ಸಾಯುವವರೆಗೂ ನನ್ನ ಮಾತನ್ನೇ ನಂಬಿದ್ದರು.

ಅತ್ತೆಯವರು ಅದರಿಂದಲೇ ಹೋದರೋ ಏನೋ ನನಗೆ ಗೊತ್ತಿಲ್ಲ. ಕಾಶವ್ವನನ್ನು ಕೇಳಿದರೆ ಹೇಳುತ್ತಿದ್ದಳು. ಕೇಳಲಿಲ್ಲ. ಆದರೆ ಈಗ ಐದು ಗಂಟೆಗೆ ನಾಲಿಗೆ ಹೇಗಿರುತ್ತದೆ, ಆರು ಗಂಟೆಗೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನು ಬೇಕೆಂದು ಬಿಟ್ಟವಳು. ಅವರಿಗೆ ಬೇಕಾಗಿತ್ತು.

ಕಾಶವ್ವನಿಗೆ ಅರ್ಧ ಮಾತ್ರ ಹೇಳಿದೆ. ಅಂಬಾಬಾಯಿ ನನ್ನ ಅತ್ತೆ, ಅವರೂ ಹಾಸಿಗೆ ಹಿಡಿದಿದ್ದರು ಎಂದೆ. ಉಳಿದ ಅರ್ಧ ಅವಳಿಗೆ ತಿಳಿದಿದೆ ಎಂದು ಅವಳ ಮುಖ ನೋಡಿ ಗೊತ್ತಾಯಿತು. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಸಮಾಧಾನವಾಗುತ್ತಿತ್ತು.

ನೀರಿನ ಲೋಟ ಮತ್ತೆ ಕೈಗೆತ್ತಿಕೊಂಡು ಹೇಳಿದಳು. "ನಮಗ ಟ್ರೇನಿಂಗಿನ್ಯಾಗ ಒಂದು ಪಾಠ ಇತ್ರಿ. ಇಪ್ಪತ್ತಕ್ಕ ಮನಷಾ ಒಂದು ಕಲೀತಾನ, ನಲವತ್ತಕ್ಕ ಒಂದು. ದೊಡ್ಡವರಾದ್ವಿ ಅಂದ್ರ ಬೆಳಿಯೂದು ಮುಗೀತು ಅಂತ ಇಲ್ರಿ, ಎಂಬತ್ತಾದ್ರೂ ಬೆಳಿಯೂದು ಇರ್ತದ. ಮುಪ್ಪಿನಾಗ ಕಲಿಯೂದು ಅಂದ್ರ ಇನ್ನೊಬ್ಬರ ಕೈಲೆ ಮಾಡಿಸ್ಕೊಳ್ಳೂದು. ಎಲ್ಲಾರೂ ಫೇಲ್ ಆಗೂದು ಅದರಾಗನ ನೋಡ್ರಿ."

ನಾನು ಮ್ಯಾಟ್ರಿಕ್‌ವರೆಗೆ ಒಂದು ವರ್ಷವೂ ಫೇಲ್ ಆದವಳಲ್ಲ ಎಂದೆ.

"ಹಂಗಾರ ಏಳ್ರಿ, ಈಗ ಒಂದು ಲೋಟ ಕುಡೀರಿ. ಎರಡು ತಾಸಿಗೊಮ್ಮೆ ನಾ ಎಬ್ಬಿಸಿ ಕರ್ಕೊಂಡು ಹೋಗ್ತೇನಿ, ಬರಲಿ ಬಿಡ್ಲಿ. ಒಂದು ವ್ಯಾಯಾಮ ಹೇಳಿಕೊಡ್ತೇನಿ. ಅರ್ಧಕ್ಕರ್ಧ ಕಡಿಮಿ ಆಗ್ತದ. ಉಳಿದದ್ದಕ್ಕ ನಾ ಇದ್ದೇ ಇರ್ತೇನಲ್ಲ."

ಕುಡಿಯಲಿಲ್ಲ. ಅವಳು ಲೋಟ ಅಲ್ಲೇ ಇಟ್ಟು ನೋಟುಬುಕ್ಕಿನಲ್ಲಿ ಬರೆದಳು. ಎಷ್ಟು ಕುಡಿಯುತ್ತೀರಿ ಎನ್ನುವುದನ್ನು ಬರೆಯುವುದು ನನ್ನ ಕೆಲಸ, ಡಾಕ್ಟರಿಗೆ ಅದನ್ನು ತೋರಿಸಿಯೇ ತೋರಿಸುತ್ತೇನೆ, ಆದರೆ ಯಾಕೆ ಎನ್ನುವುದನ್ನು ನೀವೇ ಹೇಳಬೇಕು ಎಂದಳು. ನಾಡಿದ್ದು ಶುಕ್ರವಾರ ಡಾಕ್ಟರು ನೋಡುವವರಿದ್ದಾರೆ, ರಾಜೀವ ರಜೆ ಹಾಕಿ ಜೊತೆಗೆ ಬರುತ್ತಾನೆ. ಅಲ್ಲಿ ಹೇಳಿದರೆ ಉಳಿಯುತ್ತೇನೆ. ಸುಮ್ಮನಿದ್ದರೆ ಸೋಮವಾರ ಜೇಜುರಿಯ ದಾರಿ.

ನನ್ನ ಬಾಯಿ ತೆರೆಯುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಅಭ್ಯಾಸ ಮಾಡಿ ನೋಡಿದೆ. ಕಾಶವ್ವ ಔಷಧಿ ತರಲು ಹೋದಾಗ ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಅಂದು ನೋಡಿದೆ. ಮೂರನೆಯ ಶಬ್ದಕ್ಕೆ ನಿಲ್ಲಿಸಿಬಿಟ್ಟೆ. ಅದಕ್ಕೇ ಮೊದಲು ನಿನಗೆ ಬರೆದೆ. ಅದಕ್ಕಿಂತ ಕಷ್ಟದ್ದನ್ನು ಬರೆದು ಮುಗಿಸಿದರೆ ಅದು ಸಲೀಸಾಗಬಹುದು ಎಂದುಕೊಂಡೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನಾನು ಆ ಶಬ್ದ ಯಾವತ್ತೂ ಬಳಸಿದವಳಲ್ಲ, ನಿನಗೂ ಅದು ನನ್ನ ಬಾಯಲ್ಲಿ ಸುಳ್ಳಾಗಿ ಕೇಳಿಸುತ್ತದೆ. ನೀನು ಅವತ್ತು ಆಡಿದ ಮಾತು ನಿಜವಾಗಿತ್ತು. ಈ ಪತ್ರವನ್ನು ನಿನಗೆ ಬೇಕಾದವರಿಗೆ ತೋರಿಸು.

ನಿನ್ನ ಅವ್ವನ ಸೊಸೆ,
ಪಂಕಜಾಕ್ಷಿ

ತಾ.ಕ.: ಶನಿವಾರ, ೭ ಫೆಬ್ರುವರಿ, ಷಷ್ಠಿ. ಪತ್ರ ಮೂರು ದಿನ ದಿಂಬಿನ ಕೆಳಗೇ ಇತ್ತು.

ನಿನ್ನೆ ಡಾಕ್ಟರಿಗೆ ಹೇಳಿದೆ. ಮರಾಠಿಯಲ್ಲಿ ಹೇಳಿದೆ, ಅದು ತಾಯ್ನುಡಿ ಅಲ್ಲವಾದ್ದರಿಂದ ನಾಚಿಕೆ ಸ್ವಲ್ಪ ಕಡಿಮೆ. ರಾಜೀವ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಆಮೇಲೆ ಕಾರಿನಲ್ಲಿ, "ಆಯಿ, ಇಷ್ಟಕ್ಕ?" ಎಂದ. ಅಷ್ಟೇ ಎಂದೆ. ನಿನ್ನ ಅವ್ವನ ವಿಷಯ ಅವನಿಗೆ ಹೇಳಲಿಲ್ಲ. ಅದು ಮೊದಲು ನಿನಗೆ ತಲುಪಬೇಕು. ಡಾಕ್ಟರು ಆರು ವಾರ ನೋಡೋಣ ಎಂದಿದ್ದಾರೆ, ಆಮೇಲೆ ಮತ್ತೆ ಪರೀಕ್ಷೆ ಇದೆ. ಅಲ್ಲಿಯವರೆಗೆ ಸೋಮವಾರವೂ ಇಲ್ಲೇ, ಮಂಗಳವಾರವೂ ಇಲ್ಲೇ. ಚಿಲಕವನ್ನು ರಾಜೀವ ತೆಗೆದಿಲ್ಲ. ನಾನೂ ತೆಗೆ ಎನ್ನಲಿಲ್ಲ.

ತಂಬಿಗೆ ಕಳಿಸುವುದಿಲ್ಲ. ನಿನ್ನೆ ಸಂಜೆ ಐದೂವರೆಗೆ ಕಾಶವ್ವ ಅದರಲ್ಲೇ ನೀರು ತುಂಬಿ ಕೊಟ್ಟಳು, ಪೂರ್ತಿ ಕುಡಿದೆ. ಹಾಸಿಗೆ ಒದ್ದೆಯಾಯಿತು. ಬೆಳಿಗ್ಗೆ ಮುಕ್ತಾ ದುಪ್ಪಟಿ ಬದಲಿಸಿದಳು, ಹಿಂದೆ ಸರಿಯಲಿಲ್ಲ. ತಂಬಿಗೆ ಬೇಕಾದರೆ ನೀನೇ ಬಂದು ಒಯ್ಯಬೇಕು. ಕಾಶವ್ವ ಆರಕ್ಕೆ ಹೋಗುತ್ತಾಳೆ, ಮುಕ್ತಾ ಬರುವುದು ಏಳೂವರೆಗೆ. ಆ ನಡುವೆ ಬಂದರೆ ಕರೆಗಂಟೆ ಒತ್ತಬೇಡ, ನನಗೆ ಬಾಗಿಲು ತೆಗೆಯಲು ಬರುವುದಿಲ್ಲ. ಚಿಲಕ ಹೊರಗಿದೆ. ನೀನೇ ತೆಗೆದುಕೊಂಡು ಒಳಗೆ ಬಾ.